ತೀರ್ಪುಗಾರರ ಕಪ್ಪು ಬೂಟು

ಕೆಲವು ವರ್ಷಗಳ ಹಿಂದೆ ಅಂತರ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದನ್ನು ಚಿತ್ರೀಕರಿಸಲು ನಮ್ಮ ತಂಡ ಒಂದು ಒಳಾಂಗಣ ಕ್ರೀಡಾಂಗಣಕ್ಕೆ ಹೋಗಿತ್ತು. ಕೇಬಲ್ ಎಳೆದು, ಕ್ಯಾಮೆರಾ ನಿಲ್ಲಿಸಿ, ಬೆಳಕು ಸಾಲುತ್ತದೆಯೇ ಎಂದು ನೋಡುತ್ತಿದ್ದಾಗ ತೀರ್ಪುಗಾರರೊಬ್ಬರು ಒಳಗೆ ಬಂದರು. ಬಾಗಿಲ ಬಳಿಯೇ ಚಪ್ಪಲಿ ಕಳಚಿಟ್ಟರು. ಬಟ್ಟೆಯ ಚೀಲದಿಂದ ಒಂದು ಜೊತೆ ಕಪ್ಪು ಬೂಟು ತೆಗೆದರು. ಒದ್ದೆ ಬಟ್ಟೆ ಹಿಡಿದು ಒರೆಸತೊಡಗಿದರು. ಅವರು ಒರೆಸಿದ್ದು ಬೂಟಿನ ಮೇಲ್ಭಾಗವನ್ನಲ್ಲ, ಅಟ್ಟೆಯನ್ನು. ನಾನು ಕುತೂಹಲದಿಂದ ಕೇಳಿದೆ. "ಹೊರಗಿನ ಮಣ್ಣು ಒಳಗೆ ಬಂದ್ರೆ ಜಾರಿ ಬೀಳೋದು ನಾನೊಬ್ಬನೇ ಅಲ್ಲ ಸಾರ್, ಆಡೋ ಹುಡುಗ್ರೂ ಬೀಳ್ತಾರೆ" ಎಂದರು. ಆಮೇಲೆ ಮೇಲ್ಭಾಗಕ್ಕೂ ಪಾಲಿಶ್ ಹಚ್ಚಿದರು.

ಆಟದ ಬಗ್ಗೆ ಮಾತನಾಡುವಾಗ ನಾವು ಆಟಗಾರರ ಹೆಸರು ಹೇಳುತ್ತೇವೆ, ಅಂಕ ಲೆಕ್ಕ ಹಾಕುತ್ತೇವೆ. ತೀರ್ಪುಗಾರರ ನೆನಪಾಗುವುದು ಅವರು ತಪ್ಪಿದಾಗ ಮಾತ್ರ. ಅಂಥವರ ಬೂಟು, ಅಂಗಿಯ ಬಗ್ಗೆ ಒಂದು ಲೇಖನವೇ ಎಂದು ನೀವು ಹುಬ್ಬೇರಿಸಬಹುದು. ಆದರೆ ಈ ಕಪ್ಪು ಬೂಟಿನ ಹಿಂದೆ ನೂರಕ್ಕೂ ಹೆಚ್ಚು ವರ್ಷಗಳ ಚರಿತ್ರೆ ಇದೆ, ಒಂದಿಷ್ಟು ರಸಾಯನಶಾಸ್ತ್ರವಿದೆ, ಭೌತಶಾಸ್ತ್ರವಿದೆ. ಎಲ್ಲಕ್ಕಿಂತ ಮಿಗಿಲಾಗಿ ಒಂದು ಪ್ರಶ್ನೆ ಇದೆ: ಒಬ್ಬ ಅಪರಿಚಿತ ವ್ಯಕ್ತಿಯ ತೀರ್ಪನ್ನು ನಾವು ಏಕೆ ಒಪ್ಪಿಕೊಳ್ಳುತ್ತೇವೆ?

ಹದಿಮೂರು ನಿಯಮಗಳಲ್ಲಿ ಉಡುಪಿನ ಸುದ್ದಿ ಇಲ್ಲ

ಬ್ಯಾಸ್ಕೆಟ್‌ಬಾಲ್ ಹುಟ್ಟಿದ ದಿನ, ಊರು, ಹುಟ್ಟಿಸಿದವರ ಹೆಸರು ಎಲ್ಲವೂ ನಮಗೆ ಗೊತ್ತು. ಇಂಥ ಭಾಗ್ಯ ಬಹಳ ಆಟಗಳಿಗಿಲ್ಲ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ, ವೈ.ಎಂ.ಸಿ.ಎ. ತರಬೇತಿ ಶಾಲೆಯ ಶಿಕ್ಷಕ ಜೇಮ್ಸ್ ನೈಸ್ಮಿತ್ ಈ ಆಟವನ್ನು ರೂಪಿಸಿದರು. ಚಳಿಗಾಲದಲ್ಲಿ ಮೈದಾನಕ್ಕೆ ಇಳಿಯಲಾಗದೆ ಚಡಪಡಿಸುತ್ತಿದ್ದ ವಿದ್ಯಾರ್ಥಿಗಳಿಗೆ ಒಳಗೇ ಆಡಬಹುದಾದ ಆಟವೊಂದು ಬೇಕಿತ್ತು. ವ್ಯಾಯಾಮಶಾಲೆಯ ಉಪ್ಪರಿಗೆಯ ಕಟಕಟೆಗೆ, ನೆಲದಿಂದ ಹತ್ತು ಅಡಿ ಎತ್ತರದಲ್ಲಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹೊಡೆದರು. ಕಾಲ್ಚೆಂಡನ್ನೇ ಬಳಸಿದರು. ಒಂದೊಂದು ಕಡೆ ಒಂಬತ್ತು ಮಂದಿ. ಮೊದಲ ಪಂದ್ಯದಲ್ಲಿ ಬಿದ್ದದ್ದು ಒಂದೇ ಒಂದು ಗೋಲು.

ನೈಸ್ಮಿತ್ ಬರೆದ ಹದಿಮೂರು ನಿಯಮಗಳು 1892ರ ಜನವರಿಯಲ್ಲಿ ಆ ಶಾಲೆಯ ಪತ್ರಿಕೆಯಲ್ಲಿ ಅಚ್ಚಾದವು. ಅವುಗಳಲ್ಲಿ ಎರಡು ನಿಯಮಗಳು ತೀರ್ಪುಗಾರರಿಗೇ ಮೀಸಲು. ಹತ್ತನೆಯ ನಿಯಮದ ಪ್ರಕಾರ ಅಂಪೈರ್ ಆಟಗಾರರ ಮೇಲೆ ಕಣ್ಣಿಡಬೇಕು, ಅವರ ತಪ್ಪುಗಳನ್ನು ಗುರುತಿಸಬೇಕು. ಹನ್ನೊಂದನೆಯ ನಿಯಮದ ಪ್ರಕಾರ ರೆಫರಿ ಚೆಂಡಿನ ಮೇಲೆ ಕಣ್ಣಿಡಬೇಕು. ಚೆಂಡು ಗೆರೆ ದಾಟಿತೇ, ಅದು ಯಾವ ತಂಡಕ್ಕೆ ಸೇರಬೇಕು, ಗೋಲು ಆಯಿತೇ ಎಂದು ಹೇಳುವವರು ಅವರು. ಒಬ್ಬರು ಮನುಷ್ಯರನ್ನು, ಒಬ್ಬರು ಚೆಂಡನ್ನು ನೋಡಿಕೊಳ್ಳುವ ಈ ಹಂಚಿಕೆ ಎಷ್ಟು ಜಾಣತನದ್ದು ನೋಡಿ! ಆದರೆ ಈ ಇಬ್ಬರೂ ಏನು ತೊಡಬೇಕು ಎಂಬ ಬಗ್ಗೆ ಹದಿಮೂರು ನಿಯಮಗಳಲ್ಲಿ ಒಂದು ಮಾತೂ ಇಲ್ಲ. ಅದರ ಅಗತ್ಯವೂ ಆಗ ಇರಲಿಲ್ಲ. ಶಿಕ್ಷಕರು ತೀರ್ಪು ಕೊಡುತ್ತಿದ್ದರು, ಶಿಷ್ಯರು ಕೇಳುತ್ತಿದ್ದರು. ಎಲ್ಲರಿಗೂ ಎಲ್ಲರ ಪರಿಚಯವಿತ್ತು.

ಆಟ ಶಾಲೆಯ ಗೋಡೆ ದಾಟಿ ಊರೂರಿಗೆ ಹರಡಿದಾಗ ತೊಂದರೆ ಶುರುವಾಯಿತು. ಈಗ ತೀರ್ಪುಗಾರರು ಪರಊರಿನವರು. ತೀರ್ಪು ಕೊಡುತ್ತಿರುವವರು ಯಾರು ಎಂಬುದು ಆಟಗಾರರಿಗೂ ಪ್ರೇಕ್ಷಕರಿಗೂ ಒಂದೇ ನೋಟಕ್ಕೆ ತಿಳಿಯಬೇಕಿತ್ತು. ಯಕ್ಷಗಾನದ ರಂಗದಲ್ಲಿ ಕಿರೀಟ, ಬಣ್ಣ ಕಂಡೊಡನೆ ಪಾತ್ರದ ಜಾತಕ ತಿಳಿಯುತ್ತದಲ್ಲ, ಹಾಗೆ.

ಪಟ್ಟೆ ಅಂಗಿ ಬಂದ ಬಗೆ

ಆ ಕಾಲದ ಅಮೆರಿಕದ ತೀರ್ಪುಗಾರರು ಸಾಮಾನ್ಯವಾಗಿ ಬಿಳಿ ಅಂಗಿ ತೊಡುತ್ತಿದ್ದರು. ಅದು ಶುಭ್ರ, ಗೌರವಯುತ ಎಂಬುದೇನೋ ಸರಿ. ಆದರೆ ಒಂದು ತಂಡವೂ ಬಿಳಿ ತೊಟ್ಟು ಬಂದರೆ? ಮಿಶಿಗನ್ ರಾಜ್ಯದ ಲಾಯ್ಡ್ ಓಲ್ಡ್ಸ್ ಎಂಬ ತೀರ್ಪುಗಾರರಿಗೆ 1920ರಲ್ಲಿ ಹೀಗೇ ಆಯಿತೆಂಬ ಕಥೆ ಪ್ರಸಿದ್ಧವಾಗಿದೆ. ಅದು ಅಮೆರಿಕನ್ ಫುಟ್‌ಬಾಲ್ ಪಂದ್ಯ. ಬಿಳಿ ಅಂಗಿಯ ಓಲ್ಡ್ಸ್ ತನ್ನ ತಂಡದವರೇ ಎಂದು ತಿಳಿದ ಆಟಗಾರನೊಬ್ಬ ಚೆಂಡನ್ನು ತಂದು ಅವರ ಕೈಗೇ ಕೊಟ್ಟುಬಿಟ್ಟ! ಓಲ್ಡ್ಸ್ ನಕ್ಕು ಸುಮ್ಮನಾಗಲಿಲ್ಲ. ಕ್ರೀಡಾ ಸಾಮಗ್ರಿ ಮಾರುವ ಗೆಳೆಯರಿಗೆ ಹೇಳಿ ಕಪ್ಪು ಬಿಳುಪು ಪಟ್ಟೆಗಳ ಅಂಗಿ ಮಾಡಿಸಿಕೊಂಡರು. 1921ರಲ್ಲಿ ಮಿಶಿಗನ್ ರಾಜ್ಯದ ಪ್ರೌಢಶಾಲೆಗಳ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯಲ್ಲಿ ಅದನ್ನು ತೊಟ್ಟು ಅಂಕಣಕ್ಕಿಳಿದರು. ಇಂಥ ಅಂಗಿ ಯಾವ ತಂಡಕ್ಕೂ ಇರಲಿಲ್ಲ. ಹೀಗಾಗಿ ಗೊಂದಲವೂ ಇರಲಿಲ್ಲ. ಅಮೆರಿಕದ ಶಾಲೆ ಕಾಲೇಜುಗಳ ಪಂದ್ಯಗಳಲ್ಲಿ ಪಟ್ಟೆ ಅಂಗಿ ಇಂದಿಗೂ ಉಳಿದಿದೆ. ತೀರ್ಪುಗಾರರಿಗೆ ಅಲ್ಲಿ 'ಜೀಬ್ರಾ' ಎಂಬ ಅಡ್ಡ ಹೆಸರೂ ಅದರಿಂದಲೇ ಬಂತು.

ದೂರದರ್ಶನದವನಾಗಿ ಇಲ್ಲಿ ಒಂದು ಮಾತು ಸೇರಿಸಬೇಕು. ಸ್ಟುಡಿಯೋಗೆ ಬರುವ ಅತಿಥಿಗಳಿಗೆ ನಾವು ಮೊದಲೇ ವಿನಂತಿಸುವುದುಂಟು: "ದಯವಿಟ್ಟು ಸಣ್ಣ ಗೆರೆಗಳ ಅಂಗಿ ಬೇಡ." ಎರಡು ಸೊಳ್ಳೆಪರದೆಗಳನ್ನು ಒಂದರ ಮೇಲೊಂದು ಹಿಡಿದು ಬೆಳಕಿಗೆ ನೋಡಿ. ಎರಡರಲ್ಲೂ ಇಲ್ಲದ ಅಲೆಅಲೆಯಾದ ಮೂರನೆಯ ವಿನ್ಯಾಸ ಕಾಣುತ್ತದೆ. ಪರದೆ ಅಲುಗಿದರೆ ಅದು ಹರಿದಾಡುತ್ತದೆ. ಇದನ್ನು ವಿಜ್ಞಾನದಲ್ಲಿ ಮ್ವಾರೇ ವಿನ್ಯಾಸ ಎನ್ನುತ್ತಾರೆ. ಟೆಲಿವಿಷನ್ ಚಿತ್ರವೂ ಸಾಲುಗಳಿಂದ ಅಥವಾ ಚುಕ್ಕೆಗಳಿಂದ ಆದ ಒಂದು ಜಾಲರಿಯೇ. ಅಂಗಿಯ ಗೆರೆಗಳು ಈ ಜಾಲರಿಯ ಅಳತೆಗೆ ಹತ್ತಿರವಾದಾಗ ಪರದೆಯ ಮೇಲೆ ಅಂಗಿ ಮಿನುಗಿ ಕಣ್ಣು ಕುಕ್ಕುತ್ತದೆ. ಓಲ್ಡ್ಸ್ ಅವರ ಪಟ್ಟೆಗಳು ಅಗಲ. ಹತ್ತಿರದಿಂದ ನೋಡಿದರೆ ಏನೂ ಆಗದು. ಕ್ಯಾಮೆರಾ ದೂರದಿಂದ ಇಡೀ ಅಂಕಣವನ್ನು ತೋರಿಸುವಾಗ ಮಾತ್ರ ಅವೂ ಸಣ್ಣದಾಗಿ ಕಾಡಬಹುದು. ಅಮೆರಿಕದ ವೃತ್ತಿಪರ ಸಂಘಟನೆ ಎನ್.ಬಿ.ಎ. ಮುಂದೆ ಬೂದು ಬಣ್ಣದ ಅಂಗಿಯ ಕಡೆಗೆ ಹೊರಳಿತು.

ಆಟ ಓಡತೊಡಗಿತು

ಅಂಗಿಯ ಕಥೆ ಕಣ್ಣಿಗೆ ಸಂಬಂಧಿಸಿದ್ದು. ಬೂಟಿನ ಕಥೆ ಕಾಲಿಗೆ, ಅಂದರೆ ವೇಗಕ್ಕೆ ಸಂಬಂಧಿಸಿದ್ದು. ಆರಂಭದ ದಶಕಗಳಲ್ಲಿ ಪ್ರತಿ ಗೋಲಿನ ನಂತರವೂ ಚೆಂಡನ್ನು ಮಧ್ಯಕ್ಕೆ ತಂದು, ಇಬ್ಬರು ಆಟಗಾರರ ನಡುವೆ ಮೇಲಕ್ಕೆ ಎಸೆದು, ಆಟ ಮುಂದುವರಿಸುತ್ತಿದ್ದರು. ಉಸಿರು ತಿರುಗಿಸಿಕೊಳ್ಳಲು ತೀರ್ಪುಗಾರರಿಗೆ ಸಾಕಷ್ಟು ಸಮಯ ಸಿಗುತ್ತಿತ್ತು. 1937ರಲ್ಲಿ ಅಮೆರಿಕದಲ್ಲಿ ಈ ಪದ್ಧತಿಯನ್ನು ಕೈಬಿಟ್ಟರು. ಗೋಲು ತಿಂದ ತಂಡ ತಕ್ಷಣ ಚೆಂಡನ್ನು ಒಳಗೆಸೆದು ಓಡಲಾರಂಭಿಸಿತು. ಅದರ ಹಿಂದೆ ತೀರ್ಪುಗಾರರೂ ಓಡಬೇಕಾಯಿತು.

ಆದರೂ ಒಂದು ಕೊರತೆ ಉಳಿದಿತ್ತು. ಮುನ್ನಡೆ ಪಡೆದ ತಂಡ ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು ಕಾಲ ಕಳೆಯಬಹುದಿತ್ತು. 1950ರ ನವೆಂಬರ್ 22ರಂದು ಫೋರ್ಟ್ ವೇಯ್ನ್ ಮತ್ತು ಮಿನಿಯಾಪೊಲಿಸ್ ತಂಡಗಳ ನಡುವಿನ ಎನ್.ಬಿ.ಎ. ಪಂದ್ಯ 19-18 ಅಂಕಗಳಲ್ಲಿ ಮುಗಿಯಿತು. ಪ್ರೇಕ್ಷಕರಿಗೆ ಅದೆಂಥ ಬೇಸರವಾಗಿರಬೇಕು! ಇದಕ್ಕೆ ಮದ್ದು ಹುಡುಕಿದವರು ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಯಸೋನ್. ಅವರ ಲೆಕ್ಕ ಪ್ರಾಥಮಿಕ ಶಾಲೆಯ ಭಾಗಾಕಾರದಷ್ಟು ಸರಳ. ಪಂದ್ಯದ ಅವಧಿ 48 ನಿಮಿಷ, ಅಂದರೆ 2880 ಸೆಕೆಂಡು. ಒಳ್ಳೆಯ ಪಂದ್ಯವೊಂದರಲ್ಲಿ ಎರಡೂ ತಂಡಗಳು ಸೇರಿ ಬುಟ್ಟಿಯತ್ತ 120 ಎಸೆತಗಳನ್ನು ಎಸೆಯುತ್ತವೆ. 2880ನ್ನು 120ರಿಂದ ಭಾಗಿಸಿದರೆ 24. ಹೀಗೆ 1954ರಲ್ಲಿ 24 ಸೆಕೆಂಡಿನ ಗಡಿಯಾರ ಬಂತು. ಆ ಅವಧಿಯೊಳಗೆ ಎಸೆಯಬೇಕು, ಇಲ್ಲವೇ ಚೆಂಡು ಬಿಟ್ಟುಕೊಡಬೇಕು. ಅಂತಾರಾಷ್ಟ್ರೀಯ ಸಂಸ್ಥೆ ಫಿಬಾ 1956ರಲ್ಲಿ 30 ಸೆಕೆಂಡಿನ ಮಿತಿ ತಂದಿತು, 2000ದಲ್ಲಿ ಅದನ್ನು 24ಕ್ಕೆ ಇಳಿಸಿತು.

ಇದನ್ನು ತೀರ್ಪುಗಾರರ ಕಾಲಿನ ಲೆಕ್ಕಕ್ಕೆ ತಿರುಗಿಸೋಣ. ಫಿಬಾ ಪಂದ್ಯದ ಆಟದ ಅವಧಿ 40 ನಿಮಿಷ, 2400 ಸೆಕೆಂಡು. ಪ್ರತಿ ದಾಳಿಯೂ ಪೂರ್ತಿ 24 ಸೆಕೆಂಡು ತೆಗೆದುಕೊಂಡರೂ ನೂರು ದಾಳಿಗಳಾಗುತ್ತವೆ. ಅಂಕಣದ ಉದ್ದ 28 ಮೀಟರ್. ದಾಳಿಗೊಮ್ಮೆ ಹದಿನೈದು ಮೀಟರ್ ಮಾತ್ರ ಓಡಿದರೆಂದುಕೊಂಡರೂ ಒಂದೂವರೆ ಕಿಲೋಮೀಟರ್ ಆಯಿತು. ನಿಜವಾದ ಆಟದಲ್ಲಿ ಬಹಳಷ್ಟು ದಾಳಿಗಳು ಅದಕ್ಕಿಂತ ಬೇಗ ಮುಗಿಯುತ್ತವೆ. ಓಟದ ಜೊತೆಗೆ ಪಕ್ಕಕ್ಕೆ ಸರಿಯುವುದು, ಹಿಂದಕ್ಕೆ ಹೆಜ್ಜೆಯಿಡುವುದು, ತಟ್ಟನೆ ನಿಲ್ಲುವುದು ಸೇರಿದರೆ ಮೊತ್ತ ಎಷ್ಟೋ ಪಟ್ಟು ಬೆಳೆಯುತ್ತದೆ. ಕಚೇರಿಗೆ ಹಾಕಿಕೊಂಡು ಹೋಗುವ ಚರ್ಮದ ಬೂಟಿನಲ್ಲಿ ಇದು ಸಾಧ್ಯವೇ?

ಕೆಲಸದ ಹೊರೆಯನ್ನು ಹಂಚಲು ತೀರ್ಪುಗಾರರ ಸಂಖ್ಯೆಯೂ ಏರಿತು. ಎನ್.ಬಿ.ಎ. 1978-79ರ ಋತುವಿನಲ್ಲಿ ಮೂವರು ತೀರ್ಪುಗಾರರನ್ನು ಪ್ರಯೋಗಿಸಿ ಕೈಬಿಟ್ಟು, 1988-89ರಿಂದ ಕಾಯಂ ಮಾಡಿತು.

ಅಟ್ಟೆಯ ವಿಜ್ಞಾನ

ಹಸಿ ರಬ್ಬರು ಬಿಸಿಲಿಗೆ ಅಂಟಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದಾಗ ಈ ದೋಷ ನೀಗುವುದನ್ನು ಕಂಡುಕೊಂಡರು. ರಬ್ಬರಿನ ಉದ್ದನೆಯ ಅಣು ಸರಪಳಿಗಳ ನಡುವೆ ಗಂಧಕ ಸೇತುವೆ ಕಟ್ಟುತ್ತದೆ. ಎಳೆದರೆ ಹಿಗ್ಗಿ, ಬಿಟ್ಟರೆ ಮೊದಲಿನಂತಾಗುತ್ತದೆ. ಕ್ಯಾನ್ವಾಸ್ ಬಟ್ಟೆಗೆ ಇಂಥ ರಬ್ಬರಿನ ಅಟ್ಟೆ ಅಂಟಿಸಿದಾಗ ಆಟದ ಷೂ ಹುಟ್ಟಿತು. 1917ರಲ್ಲಿ ಕಾನ್ವರ್ಸ್ ಕಂಪನಿ ಹೊರತಂದ 'ಆಲ್ ಸ್ಟಾರ್' ಬ್ಯಾಸ್ಕೆಟ್‌ಬಾಲಿಗರ ಕಾಲಿನಲ್ಲಿ ದಶಕಗಳ ಕಾಲ ಮೆರೆಯಿತು.

ಒಣ ಘನವಸ್ತುಗಳ ನಡುವಿನ ಘರ್ಷಣೆ ಅವು ತಾಗುವ ವಿಸ್ತೀರ್ಣವನ್ನು ಅವಲಂಬಿಸಿಲ್ಲ ಎಂದು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ರಬ್ಬರು ಈ ನಿಯಮಕ್ಕೆ ಅಷ್ಟಾಗಿ ತಲೆಬಾಗುವುದಿಲ್ಲ. ಅದು ಮೆದುವಾದ್ದರಿಂದ ನೆಲದ ಸಣ್ಣ ಸಣ್ಣ ಉಬ್ಬುತಗ್ಗುಗಳಿಗೆ ಒಗ್ಗಿಕೊಂಡು ಹಿಡಿಯುತ್ತದೆ. ನಡುವೆ ಧೂಳು ಸೇರಿದರೆ ರಬ್ಬರಿಗೂ ನೆಲಕ್ಕೂ ಸಂಪರ್ಕವೇ ತಪ್ಪಿ, ಧೂಳಿನ ಕಣಗಳ ಮೇಲೆ ಕಾಲು ಜಾರುತ್ತದೆ. ನಮ್ಮ ತೀರ್ಪುಗಾರರು ಅಟ್ಟೆಯನ್ನು ಮೊದಲು ಒರೆಸಿದ್ದು ಇದಕ್ಕೇ. ಒಳಾಂಗಣದ ಮರದ ನೆಲದ ಮೇಲೆ ಗೀರು ಬೀಳಿಸದ ಅಟ್ಟೆಯೇ ಬೇಕು.

ಓಟದ ಷೂ ಇದಕ್ಕೆ ಸಾಲದೇ ಎಂದು ಕೇಳಬಹುದು. ಅದು ಮುಂದಕ್ಕೆ ಓಡಲೆಂದು ಮಾಡಿದ್ದು. ಹಿಮ್ಮಡಿ ದಪ್ಪ, ಎತ್ತರ. ತೀರ್ಪುಗಾರರು ಆಟದಿಂದ ಕಣ್ಣು ತೆಗೆಯದೆ ಪಕ್ಕಕ್ಕೆ ಸರಿಯುತ್ತಲೇ ಇರಬೇಕು. ಎತ್ತರದ ಹಿಮ್ಮಡಿಯ ಮೇಲೆ ಹಾಗೆ ಸರಿದರೆ ಪಾದ ಹೊರಳಿ ಕಾಲು ಉಳುಕುವ ಭಯ. ಬ್ಯಾಸ್ಕೆಟ್‌ಬಾಲ್ ಬೂಟಿನ ಅಟ್ಟೆ ಅಗಲ, ಚಪ್ಪಟೆ, ಪಕ್ಕಗಳು ಗಟ್ಟಿ.

ಇನ್ನು ಹೊಳಪು. ಕನ್ನಡಿಯಂತೆ ಹೊಳೆಯುವ ಪೇಟೆಂಟ್ ಲೆದರ್ ಅನ್ನು ಅಮೆರಿಕದಲ್ಲಿ 1819ರ ಸುಮಾರಿಗೆ ತಯಾರಿಸತೊಡಗಿದವರು ನ್ಯೂಆರ್ಕ್ ಊರಿನ ಸೆತ್ ಬೋಯ್ಡನ್. ಚರ್ಮಕ್ಕೆ ಅಗಸೆ ಎಣ್ಣೆಯಿಂದ ಮಾಡಿದ ಲೇಪವನ್ನು ಪದರಪದರವಾಗಿ ಹಚ್ಚುವ ವಿಧಾನವದು. ಈಗ ಆ ಜಾಗಕ್ಕೆ ಪ್ಲಾಸ್ಟಿಕ್ ಲೇಪ ಬಂದಿದೆ. ಅಮೆರಿಕದ ಅನೇಕ ತೀರ್ಪುಗಾರರು ಇಂಥ ಥಳಥಳಿಸುವ ಬೂಟನ್ನು ಮೆಚ್ಚಿಕೊಂಡರು. ಒರೆಸಿದರೆ ಸಾಕು, ಹೊಸದರಂತೆ ಕಾಣುತ್ತದೆ. ಆದರೆ ಲೇಪದೊಳಗಿಂದ ಗಾಳಿಯಾಡುವುದಿಲ್ಲ. ಬೆವರು ಒಳಗೇ ಉಳಿದು ಕಾಲು ಬೊಬ್ಬೆಯೇಳಬಹುದು. ಕಣ್ಣಿಗೆ ಬೇಕಾದದ್ದಕ್ಕೂ ಕಾಲಿಗೆ ಬೇಕಾದದ್ದಕ್ಕೂ ನಡುವೆ ಹೀಗೊಂದು ಜಗ್ಗಾಟ ನಡೆದೇ ಇದೆ.

ಬಣ್ಣದ ಆಟಗಾರ, ಕಪ್ಪು ತೀರ್ಪುಗಾರ

ಫಿಬಾ ನಿಯಮಾವಳಿ ಈ ಜಗ್ಗಾಟವನ್ನು ಒಂದೇ ಸಾಲಿನಲ್ಲಿ ಬಗೆಹರಿಸಿದೆ. ತೀರ್ಪುಗಾರರ ಅಂಗಿ, ಕಪ್ಪು ಬಣ್ಣದ ಉದ್ದ ಪ್ಯಾಂಟು, ಕಪ್ಪು ಕಾಲುಚೀಲ, ಕಪ್ಪು ಬ್ಯಾಸ್ಕೆಟ್‌ಬಾಲ್ ಬೂಟು. ಕೊನೆಯ ಮಾತನ್ನು ಗಮನಿಸಿ. ಬರೀ ಕಪ್ಪು ಬೂಟಲ್ಲ, ಬ್ಯಾಸ್ಕೆಟ್‌ಬಾಲ್ ಬೂಟು. ಬಣ್ಣದಲ್ಲಿ ನ್ಯಾಯಾಲಯದ ಗಾಂಭೀರ್ಯ, ರಚನೆಯಲ್ಲಿ ಆಟದ ಚುರುಕು.

ಇದೇ ಕಾಲದಲ್ಲಿ ಆಟಗಾರರ ಬೂಟು ಎಲ್ಲಿಗೆ ಹೋಯಿತು? 1985ರಲ್ಲಿ ಮೈಕೇಲ್ ಜೋರ್ಡನ್ ತೊಟ್ಟ ಕೆಂಪು ಕಪ್ಪು ಬೂಟಿಗೆ ಎನ್.ಬಿ.ಎ. ಆಕ್ಷೇಪಣೆ ಎತ್ತಿತು. ಆ ಆಕ್ಷೇಪಣೆಯನ್ನೇ ನೈಕಿ ಕಂಪನಿ ಜಾಹೀರಾತು ಮಾಡಿಕೊಂಡಿತು. 2018-19ರ ಋತುವಿನಿಂದ ಎನ್.ಬಿ.ಎ. ಆಟಗಾರರ ಬೂಟಿನ ಬಣ್ಣದ ಮೇಲಿದ್ದ ಕಟ್ಟುಪಾಡನ್ನು ತೆಗೆದೇಹಾಕಿತು. ಈಗ ಅಂಕಣದಲ್ಲಿ ಹಳದಿ, ನೇರಳೆ, ಗಿಳಿಹಸಿರು ಎಲ್ಲವೂ ಓಡಾಡುತ್ತವೆ. ಆ ಬಣ್ಣಗಳ ಸಂತೆಯಲ್ಲಿ ತೀರ್ಪುಗಾರರ ಬೂಟು ಮಾತ್ರ ಕಪ್ಪಾಗಿಯೇ ಉಳಿದಿದೆ. ಆಟಗಾರರ ಬೂಟು 'ನನ್ನನ್ನು ನೋಡಿ' ಎನ್ನುತ್ತದೆ. ತೀರ್ಪುಗಾರರ ಬೂಟು 'ನನ್ನನ್ನು ಮರೆತು ಆಟ ನೋಡಿ' ಎನ್ನುತ್ತದೆ.

ಉಡುಪಿನ ಒಳಗೆ ಇರುವುದು

ಉಡುಪು ತೀರ್ಪುಗಾರರನ್ನು ತೋರಿಸಿಕೊಡುತ್ತದೆ. ಆ ಅಧಿಕಾರಕ್ಕೆ ಬೆಲೆ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ 1972ರ ಮ್ಯೂನಿಕ್ ಒಲಿಂಪಿಕ್ಸ್ ಸಾಕ್ಷಿ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವಿನ ಫೈನಲ್‌ಗೆ ಬ್ರೆಜಿಲ್‌ನ ರೆನಾಟೊ ರಿಘೆಟ್ಟೊ ಮತ್ತು ಬಲ್ಗೇರಿಯಾದ ಆರ್ತೆನಿಕ್ ಅರಬಾಜಿಯನ್ ತೀರ್ಪುಗಾರರು. ಕೊನೆಯ ಮೂರು ಸೆಕೆಂಡುಗಳಲ್ಲಿ ಗೊಂದಲವೆದ್ದಾಗ ಫಿಬಾದ ಪ್ರಧಾನ ಕಾರ್ಯದರ್ಶಿ ವಿಲಿಯಂ ಜೋನ್ಸ್ ಮಧ್ಯೆ ಪ್ರವೇಶಿಸಿ ಗಡಿಯಾರವನ್ನು ಮತ್ತೆ ಮೂರು ಸೆಕೆಂಡಿಗೆ ಹೊರಳಿಸಲು ಹೇಳಿದರು. ಆಟದ ನಡುವೆ ಹಾಗೆ ಆದೇಶಿಸುವ ಅಧಿಕಾರ ನಿಯಮದ ಪ್ರಕಾರ ಅವರಿಗಿರಲಿಲ್ಲ. ಆ ಸೆಕೆಂಡುಗಳನ್ನು ಮತ್ತೆ ಆಡಿಸಿದಾಗ ಸೋವಿಯತ್ ತಂಡ 51-50ರಿಂದ ಗೆದ್ದಿತು. ರಿಘೆಟ್ಟೊ ಅಂಕಪಟ್ಟಿಗೆ ಸಹಿ ಹಾಕಲು ನಿರಾಕರಿಸಿದರು. ಅಮೆರಿಕದ ಆಟಗಾರರು ಬೆಳ್ಳಿ ಪದಕವನ್ನು ಸ್ವೀಕರಿಸಲಿಲ್ಲ. ಯಾರ ಪಕ್ಷ ಸರಿಯೆಂಬ ವಾದ ಹಾಗಿರಲಿ. ತೀರ್ಪುಗಾರರ ಉಡುಪು ತೊಟ್ಟವರ ಮಾತನ್ನು ತೊಡದವರೊಬ್ಬರು ಮೀರಿದಾಗ ಫಲಿತಾಂಶದ ಮೇಲಿನ ನಂಬಿಕೆಯೇ ಕದಡಿತು.

ಈ ಉಡುಪು ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಯೂ ಎದ್ದಿತ್ತು. ಎನ್.ಬಿ.ಎ. ಸ್ಥಾಪನೆಯಾದದ್ದು 1946ರಲ್ಲಿ. ಅದರ ಪಂದ್ಯಗಳಿಗೆ ಮಹಿಳಾ ತೀರ್ಪುಗಾರರು ಬರಲು ಅರ್ಧ ಶತಮಾನವೇ ಹಿಡಿಯಿತು. 1997ರಲ್ಲಿ ವಯೊಲೆಟ್ ಪಾಮರ್ ಮತ್ತು ಡೀ ಕ್ಯಾಂಟ್ನರ್ ನೇಮಕಗೊಂಡರು. ಆ ವರ್ಷದ ಅಕ್ಟೋಬರ್ 31ರಂದು ಪಾಮರ್ ಅಂಕಣಕ್ಕಿಳಿದರು. ಕೆಲವು ಹೆಸರಾಂತ ಆಟಗಾರರೇ ಇದನ್ನು ಬಹಿರಂಗವಾಗಿ ಹೀಗಳೆದಿದ್ದರು. ಪಾಮರ್ ವಾದಕ್ಕಿಳಿಯಲಿಲ್ಲ, ಸೀಟಿ ಊದಿದರು. 2016ರಲ್ಲಿ ನಿವೃತ್ತರಾಗುವವರೆಗೂ ಊದುತ್ತಲೇ ಇದ್ದರು.

ಆದರೆ ಉಡುಪೊಂದೇ ಪ್ರಾಮಾಣಿಕತೆಯ ಖಾತರಿಯಲ್ಲ. 'ಮೇಲೆ ಥಳಕು, ಒಳಗೆ ಹುಳುಕು' ಎಂಬ ಗಾದೆಗೆ ಟಿಮ್ ಡೊನಾಘಿ ಉದಾಹರಣೆಯಾದರು. ಹದಿಮೂರು ಋತುಗಳ ಕಾಲ ಎನ್.ಬಿ.ಎ. ತೀರ್ಪುಗಾರರಾಗಿದ್ದ ಅವರು ತಾವು ತೀರ್ಪು ನೀಡಿದ ಪಂದ್ಯಗಳ ಮೇಲೂ ಜೂಜು ಕಟ್ಟಿದ್ದು ಬಯಲಾಯಿತು. 2007ರಲ್ಲಿ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡರು. 2008ರಲ್ಲಿ 15 ತಿಂಗಳ ಸೆರೆವಾಸದ ಶಿಕ್ಷೆಯಾಯಿತು. ಅವರ ಅಂಗಿ, ಬೂಟು ಉಳಿದ ತೀರ್ಪುಗಾರರದ್ದರಂತೆಯೇ ಇದ್ದವು. ಅನ್ಯಾಯ ಕಣ್ಣಿಗೆ ಬೀಳದಿರಲು ಅದೂ ಒಂದು ಕಾರಣವಲ್ಲವೇ? ಒಬ್ಬರು ಕೆಡಿಸಿದ ನಂಬಿಕೆಯ ಸಾಲವನ್ನು ಅದೇ ಉಡುಪು ತೊಟ್ಟ ಉಳಿದವರೆಲ್ಲ ತೀರಿಸಬೇಕಾಯಿತು.

ಸ್ಪ್ರಿಂಗ್‌ಫೀಲ್ಡ್‌ನಿಂದ ನಮ್ಮ ಅಂಕಣಕ್ಕೆ

ನೈಸ್ಮಿತ್ ಕಲಿಸಿದ ಸ್ಪ್ರಿಂಗ್‌ಫೀಲ್ಡ್‌ನ ಸಂಸ್ಥೆಯಲ್ಲೇ ಮುಂದೆ ಓದಿದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. ಅಲ್ಲಿ ತರಬೇತಾದ ದೈಹಿಕ ಶಿಕ್ಷಕರು ದಕ್ಷಿಣ ಭಾರತದ ಶಾಲೆಗಳಿಗೆ ಆಟಗಳನ್ನೂ ಅವುಗಳ ನಿಯಮಗಳನ್ನೂ ಕೊಂಡೊಯ್ದರು. 2017ರಲ್ಲಿ ಬೆಂಗಳೂರಿನಲ್ಲೇ ಮಹಿಳೆಯರ ಏಷ್ಯಾ ಕಪ್ ನಡೆದು, ಭಾರತ ಬಿ ವಿಭಾಗದಲ್ಲಿ ಗೆದ್ದಿತು. ಅಂಥ ಪಂದ್ಯಗಳಲ್ಲಿ ಎಲ್ಲವೂ ನಿಯಮದಂತೆ ಇರುತ್ತದೆ. ನಮ್ಮ ಎಷ್ಟೋ ಶಾಲೆಗಳ ಅಂಕಣ ಮಾತ್ರ ಇಂದಿಗೂ ಬಯಲಿನ ಸಿಮೆಂಟು ನೆಲವೇ. ಮರದ ನೆಲಕ್ಕೆಂದು ಮಾಡಿದ ಮೆದು ಅಟ್ಟೆ ಅದರ ಮೇಲೆ ಬೇಗ ಸವೆಯುತ್ತದೆ. ಸಿಮೆಂಟಿಗೆ ಗಟ್ಟಿ ಅಟ್ಟೆಯೇ ಲೇಸು.

ನಿಮ್ಮ ಶಾಲೆಯ ಪಂದ್ಯದಲ್ಲಿ ನಾಳೆ ನಿಮ್ಮ ಕೈಗೇ ಸೀಟಿ ಬರಬಹುದು. ದುಬಾರಿ ಬೂಟು ಇಲ್ಲವೆಂದು ಹಿಂಜರಿಯಬೇಡಿ. ಇರುವ ಕಪ್ಪು ಷೂವಿನ ಅಟ್ಟೆ ಸವೆದಿದೆಯೇ ನೋಡಿ, ಧೂಳು ಒರೆಸಿ, ಲೇಸನ್ನು ಬಿಗಿಯಾಗಿ ಕಟ್ಟಿ. ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ. ಎರಡೂ ತಂಡಗಳ ಬಣ್ಣಕ್ಕಿಂತ ಬೇರೆ ಬಣ್ಣ ತೊಡಿ. ನಿಮ್ಮ ಗೆಳೆಯ ಯಾವ ತಂಡದಲ್ಲಿದ್ದಾನೆ ಎಂಬುದನ್ನು ಬಾಗಿಲ ಬಳಿ ಚಪ್ಪಲಿಯ ಜೊತೆಗೇ ಬಿಟ್ಟು ಬನ್ನಿ.

ಅಂದು ಚಿತ್ರೀಕರಿಸಿದ ಪಂದ್ಯವನ್ನು ಸಂಕಲನದ ಕೋಣೆಯಲ್ಲಿ ಹಲವು ಬಾರಿ ನೋಡಿದೆ. ಕೊನೆಯ ನಿಮಿಷದಲ್ಲಿ ಆ ತೀರ್ಪುಗಾರರು ಆತಿಥೇಯ ತಂಡದ ವಿರುದ್ಧವೇ ಒಂದು ಫೌಲ್ ಕೊಟ್ಟಿದ್ದರು. ಗ್ಯಾಲರಿಯಿಂದ ಕೂಗೆದ್ದಿತು. ಚಿತ್ರವನ್ನು ನಿಧಾನಗತಿಯಲ್ಲಿ ಓಡಿಸಿದೆ. ಅವರು ತಪ್ಪು ನಡೆದ ಜಾಗದಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಎಲ್ಲವೂ ಕಾಣುವ ಕೋನದಲ್ಲಿ, ಎರಡೂ ಕಾಲೂರಿ ನಿಂತಿದ್ದರು. ತೀರ್ಪು ಸರಿಯಾಗಿತ್ತು.